ಹತ್ತೆಣಿಸಿ ಸ್ವಾಮಿ, ಉತ್ತರ ಬರುತ್ತೆ!

ಕಿರಾಣಿ ಅಂಗಡಿಯ ಮುಂದೆ ಸಂಜೆ ಹೊತ್ತಿನ ನೂಕುನುಗ್ಗಲು. ತಾಯಿಯ ಜೊತೆ ಇಪ್ಪತ್ತರ ಯುವಕ. ಮಾತು ಬಾರದು. ಕೈಯಲ್ಲೊಂದು ರಟ್ಟಿನ ಹಲಗೆ. ಅದರ ತುಂಬ ಚಿತ್ರಗಳು, ಒಂದೊಂದರ ಕೆಳಗೆ ಹೆಸರು. ಬೆರಳು ನಡುಗುತ್ತಾ ಒಂದು ಚಿತ್ರದತ್ತ ಹೊರಟಿತ್ತು. ಅಷ್ಟರಲ್ಲೇ ಅಂಗಡಿಯವರು ತಾಯಿಯನ್ನು ಕೇಳಿಬಿಟ್ಟರು. “ಇವನಿಗೇನು ಬೇಕಂತಮ್ಮಾ?” ತಾಯಿ ಅವಸರದಲ್ಲಿ “ಬಿಸ್ಕತ್ತು” ಎಂದರು. ಬಿಸ್ಕತ್ತು ಬಂತು. ಬೆರಳು ಹೋಗಿ ನಿಂತದ್ದು ಮಾತ್ರ ಸೋಪಿನ ಚಿತ್ರದ ಮೇಲೆ!

ಅಂಗಡಿಯವರೇನೂ ಕೆಟ್ಟವರಲ್ಲ. ಕೇಳಿದರೆ “ಗಿರಾಕಿಗಳು ಕಾಯ್ತಾ ಇದ್ರು ಸಾರ್” ಅಂತಾರೆ. ನಿಜವೇ. ಹಿಂದೆ ನಿಂತು ‘ಬೇಗ ಆಗಲಪ್ಪಾ’ ಎಂದು ಗೊಣಗಿದವರಲ್ಲಿ ಈ ಅಂಕಣದವನೂ ಒಬ್ಬ. ಆದರೆ ಆ ಹುಡುಗನೂ ಗಿರಾಕಿಯೇ ತಾನೇ?

ಸೆರೆಬ್ರಲ್ ಪಾಲ್ಸಿ, ಆಟಿಸಂ, ಲಕ್ವ ಹೀಗೆ ಮಾತು ಕಟ್ಟಲು ಕಾರಣ ಹಲವು. ಬಾಯಿ ಸೋತರೆ ಬುದ್ಧಿಯೂ ಸೋತಿತೆಂದು ಲೆಕ್ಕವಲ್ಲ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕಥೆ ಕೇಳಿ. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಹೋಯಿತು. ಮೊದಮೊದಲು ಯಾರಾದರೂ ಕಾರ್ಡಿನ ಮೇಲೆ ಅಕ್ಷರ ತೋರಿಸುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವರು ಹುಬ್ಬು ಏರಿಸುವುದು. ಕಂಪ್ಯೂಟರ್ ಬಂದದ್ದು ಆಮೇಲೆ. ಕಾರ್ಡು ಹಿಡಿದವರು ತಾಳ್ಮೆಗೆಟ್ಟಿದ್ದರೆ ಗತಿಯೇನು?

ಹಲಗೆ ಕೊಡಿಸಿದರೆ ಮುಗಿಯಿತು ಅಂತ ಮನೆಯವರು ತಿಳಿಯುತ್ತಾರೆ. ಎಡವಟ್ಟು ಇಲ್ಲೇ. ಕೂಸು ಮೊದಲ ಮಾತಾಡುವ ಮುಂಚೆ ಹೆಚ್ಚುಕಡಿಮೆ ಒಂದು ವರ್ಷ ಕಿವಿತುಂಬ ನಮ್ಮ ಮಾತು ಕೇಳಿರುತ್ತೆ. ಹಲಗೆಯಲ್ಲಿ ಮಾತಾಡಬೇಕಾದ ಮಗು ಹಾಗೆ ಮಾತಾಡುವವರನ್ನು ಒಬ್ಬರನ್ನಾದರೂ ಕಂಡಿದೆಯೇ? ಅದಕ್ಕೇ ದೊಡ್ಡವರು ತಾವೂ ಹಲಗೆ ಬಳಸಬೇಕು. “ಊಟ ಮಾಡ್ತೀಯಾ?” ಎಂದು ಬಾಯಲ್ಲಿ ಕೇಳುತ್ತಾ ಬೆರಳಲ್ಲಿ ‘ಊಟ’ ತೋರಿಸುವುದು. ದಿನಾಲೂ. ಮಗು ತಿರುಗಿ ತೋರಿಸದಿದ್ದರೂ ಬಿಡಬಾರದು, ಪರೀಕ್ಷೆ ಮಾಡಲೂ ಬಾರದು. ಹಲಗೆ ಕೊಟ್ಟರೆ ಇರುವ ನಾಲ್ಕು ಮಾತೂ ನಿಂತೀತೆಂಬ ಭಯ ಹಲವರಿಗಿದೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೆಲವರಿಗೆ ಮಾತು ಹೆಚ್ಚಿದ್ದೂ ಉಂಟು.

ಇನ್ನು ಅಂಗಡಿಯವರಿಗೆ, ಕಂಡಕ್ಟರುಗಳಿಗೆ, ಪಕ್ಕದ ಸೀಟಿನವರಿಗೆ ಇಷ್ಟೇ ಪಾಠ. ಜೊತೆಗೆ ಬಂದವರನ್ನಲ್ಲ, ಅವರನ್ನೇ ನೋಡಿ ಮಾತಾಡಿಸಿ. ಕೂಗಬೇಡಿ, ಮಾತು ಬಾರದವರೆಲ್ಲ ಕಿವುಡರಲ್ಲ. ಒಂದೇ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಗೊತ್ತಾಗದಿದ್ದರೆ ಸುಮ್ಮನೆ ತಲೆಯಾಡಿಸದೆ “ತಿಳೀಲಿಲ್ಲ, ಇನ್ನೊಂದ್ಸಲ ತೋರಿಸಿ” ಅನ್ನಿ. ಹಲಗೆಯನ್ನಾಗಲೀ ಮೊಬೈಲನ್ನಾಗಲೀ ಕೈಯಿಂದ ಕಸಿಯಬೇಡಿ. ಅದು ಅವರ ನಾಲಿಗೆ.

ಇದು ಬರೀ ದಯೆದಾಕ್ಷಿಣ್ಯದ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಬದಲಿ ವಿಧಾನಗಳನ್ನೂ ‘ಸಂವಹನ’ದ ಲೆಕ್ಕಕ್ಕೇ ಸೇರಿಸಿದೆ. ಮನೆಯಲ್ಲಿ ಇಂಥವರಿದ್ದು ದಾರಿ ತೋಚದಿದ್ದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ಚಿಲ್ಲರೆ ಹುಡುಕಲು ಅರ್ಧ ನಿಮಿಷ ತೆಗೆದುಕೊಳ್ಳುವ ನಮಗೆ ಹತ್ತು ಸೆಕೆಂಡು ದುಬಾರಿಯೇ? ಆ ಹುಡುಗ ಮತ್ತೆ ಅಂಗಡಿಗೆ ಬರುತ್ತಾನೆ. ಈ ಸಲವಾದರೂ ಅವನಿಗೆ ಸೋಪು ಸಿಗಲಿ.