ಪ್ರಯೋಗದಿಂದ ಪೂರ್ಣ ಜಾರಿಗೆ: ದತ್ತಾಂಶ ಯೋಜನೆಗಳಿಗೆ ಇ-ವೇ ಬಿಲ್ ಕಲಿಸಿದ ಪಾಠ

ಮಾರಾಟ, ಖರೀದಿ, ದಾಸ್ತಾನು, ವಸೂಲಿ ಇವೆಲ್ಲವನ್ನೂ ಒಂದೇ ತಂತ್ರಾಂಶದ ವ್ಯಾಪ್ತಿಗೆ ತರಬೇಕೆಂಬ ಅಪೇಕ್ಷೆ ಇಂದು ಮಧ್ಯಮ ಗಾತ್ರದ ಉದ್ಯಮಿಗಳಲ್ಲಿಯೂ ಇದೆ. ಸಾಮಾನ್ಯವಾಗಿ ಒಂದು ಶಾಖೆಯಲ್ಲಿ ಪ್ರಯೋಗ ನಡೆಯುತ್ತದೆ. ಅದು ಯಶಸ್ವಿಯೂ ಆಗುತ್ತದೆ. ಆದರೆ ಅದೇ ವ್ಯವಸ್ಥೆಯನ್ನು ಎಲ್ಲ ಶಾಖೆಗಳಿಗೂ ವಿಸ್ತರಿಸಿದ ಮೇಲೆ ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ದೋಷವನ್ನು ತಂತ್ರಾಂಶದ ಮೇಲೆ ಹೊರಿಸಲಾಗುತ್ತದೆ. ವಾಸ್ತವದಲ್ಲಿ ಪ್ರಯೋಗ ಮತ್ತು ಪೂರ್ಣ ಜಾರಿ ಎರಡು ಬೇರೆ ಬೇರೆ ಕಾರ್ಯಗಳು. ಮೊದಲನೆಯದರ ಯಶಸ್ಸು ಎರಡನೆಯದಕ್ಕೆ ಖಾತರಿಯಲ್ಲ. ಇದಕ್ಕೆ ನಮ್ಮ ಸದಸ್ಯರೆಲ್ಲರೂ ಸ್ವತಃ ಕಂಡ ಒಂದು ನಿದರ್ಶನವಿದೆ.

ಇ-ವೇ ಬಿಲ್‌ನ ಅನುಭವ

ಜಿಎಸ್‌ಟಿ ಅಡಿಯಲ್ಲಿ 50,000 ರೂಪಾಯಿ ಮೀರಿದ ಮೌಲ್ಯದ ಸರಕು ಸಾಗಣೆಗೆ ಇ-ವೇ ಬಿಲ್ ಪಡೆಯುವ ವ್ಯವಸ್ಥೆಯನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರೂಪಿಸಿತು. 2017 ರ ಸೆಪ್ಟೆಂಬರ್‌ನಲ್ಲಿ ಇದರ ಪ್ರಯೋಗ ಆರಂಭವಾದದ್ದು ಕರ್ನಾಟಕದಲ್ಲಿ. ವ್ಯಾಟ್ ಕಾಲದ ಇ-ಸುಗಮದಿಂದ ನಮ್ಮ ವರ್ತಕರಿಗೆ ಇಂತಹ ಪದ್ಧತಿ ಪರಿಚಿತವಾಗಿದ್ದುದರಿಂದ ಪ್ರಯೋಗ ಸುಗಮವಾಗಿ ಸಾಗಿತು. 2018 ರ ಜನವರಿ 16 ರಿಂದ ದೇಶದಾದ್ಯಂತ ಪ್ರಾಯೋಗಿಕ ಬಳಕೆಗೆ ಅವಕಾಶ ನೀಡಲಾಯಿತು. ಫೆಬ್ರವರಿ 1 ರಂದು ಅಂತರರಾಜ್ಯ ಸಾಗಣೆಗೆ ಇದು ಕಡ್ಡಾಯವಾದಾಗ, ಮೊದಲ ದಿನವೇ ಜಾಲತಾಣವು ಹೊರೆ ತಾಳಲಾರದೆ ಕುಸಿಯಿತು. ಲಾರಿಗಳು ಗೋದಾಮಿನ ಬಾಗಿಲಲ್ಲೇ ನಿಂತವು. ಕಡ್ಡಾಯವನ್ನು ಅದೇ ದಿನ ಮುಂದೂಡಲಾಯಿತು.

ಪ್ರಯೋಗದ ಅವಧಿಯಲ್ಲಿ ಬಳಸುತ್ತಿದ್ದವರು ಬಯಸಿ ಬಂದವರು. ಕಡ್ಡಾಯದ ದಿನ ಬಂದವರು ಎಲ್ಲರೂ. ಎರಡನೆಯ ಯತ್ನದಲ್ಲಿ ಈ ವ್ಯತ್ಯಾಸವನ್ನು ಗಮನದಲ್ಲಿಡಲಾಯಿತು. 2018 ರ ಏಪ್ರಿಲ್ 1 ರಿಂದ ಅಂತರರಾಜ್ಯ ಸಾಗಣೆಗೆ ಮಾತ್ರ ಇದನ್ನು ದೇಶದಾದ್ಯಂತ ಕಡ್ಡಾಯಗೊಳಿಸಲಾಯಿತು. ರಾಜ್ಯದೊಳಗಿನ ಸಾಗಣೆಗೆ, ಪಳಗಿದ್ದ ಕರ್ನಾಟಕದಲ್ಲಿ ಅಂದೇ ಜಾರಿಯಾಯಿತು. ಏಪ್ರಿಲ್ 15 ರಿಂದ ಗುಜರಾತ್, ಕೇರಳ, ಆಂಧ್ರಪ್ರದೇಶ, ತೆಲಂಗಾಣ, ಉತ್ತರಪ್ರದೇಶಗಳು ಸೇರಿದವು. ಉಳಿದ ರಾಜ್ಯಗಳು ಜೂನ್ ಆರಂಭದ ವೇಳೆಗೆ ತಂಡತಂಡವಾಗಿ ಬಂದವು. ಇ-ಇನ್‌ವಾಯ್ಸ್ ವಿಷಯದಲ್ಲಿಯೂ ಇದೇ ಮಾರ್ಗ. 2020 ರ ಅಕ್ಟೋಬರ್ 1 ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭಿಸಿ, 100, 50, 20, 10 ಕೋಟಿಗಳೆಂದು ಹಂತಹಂತವಾಗಿ ಇಳಿಸಿ, 2023 ರ ಆಗಸ್ಟ್ 1 ರಂದು 5 ಕೋಟಿಯ ಮಿತಿಗೆ ತರಲಾಯಿತು.

ಪ್ರಯೋಗದಲ್ಲಿ ಕಾಣದ ಸಂಗತಿಗಳು

ನನಗೆ ಪರಿಚಿತವಾದ ಒಂದು ಸಗಟು ವ್ಯಾಪಾರ ಸಂಸ್ಥೆಯ ಉದಾಹರಣೆ ನೀಡುತ್ತೇನೆ. ಮುಖ್ಯ ಕಚೇರಿಯ ಪಕ್ಕದ ಗೋದಾಮಿನಲ್ಲಿ ಹೊಸ ತಂತ್ರಾಂಶವನ್ನು ಮೂರು ತಿಂಗಳು ನಡೆಸಿದರು. ಅಲ್ಲಿನ ಗುಮಾಸ್ತರು ಅನುಭವಿಗಳು. ಸಂಶಯ ಬಂದರೆ ಮಾಲೀಕರೇ ಬಂದು ಬಗೆಹರಿಸುತ್ತಿದ್ದರು. ಫಲಿತಾಂಶ ಉತ್ತಮವಾಗಿತ್ತು. ಬಳಿಕ ಒಂದೇ ದಿನ ಎಲ್ಲ ಶಾಖೆಗಳಿಗೂ ವಿಸ್ತರಿಸಿದರು. ಒಂದೇ ಸರಕು ಒಂದು ಶಾಖೆಯಲ್ಲಿ ಡಜನ್ ಲೆಕ್ಕದಲ್ಲಿ, ಇನ್ನೊಂದರಲ್ಲಿ ಪೆಟ್ಟಿಗೆ ಲೆಕ್ಕದಲ್ಲಿ ದಾಖಲಾಗಿತ್ತು. ಒಬ್ಬನೇ ಗ್ರಾಹಕ ಮೂರು ಹೆಸರುಗಳಲ್ಲಿದ್ದ. ಅವುಗಳಲ್ಲಿ ಒಂದಕ್ಕೆ ತಪ್ಪು ಜಿಎಸ್‌ಟಿ ಸಂಖ್ಯೆ. ಆ ಗ್ರಾಹಕನಿಗೆ ತೆರಿಗೆ ಜಮೆ ಕಾಣಿಸದೆ ಆತ ಬಾಕಿ ಹಣವನ್ನೇ ತಡೆಹಿಡಿದ. ತಂತ್ರಾಂಶದಲ್ಲಿ ದೋಷವಿರಲಿಲ್ಲ. ಪ್ರಯೋಗದಲ್ಲಿ ಮಾಲೀಕರ ಕಣ್ಣು ಸರಿಪಡಿಸುತ್ತಿದ್ದ ತಪ್ಪುಗಳು ವಿಸ್ತರಣೆಯ ನಂತರ ಹಾಗೆಯೇ ಹೊರಗೆ ಹೋದವು.

ಇದರ ಪರಿಣಾಮ ಇಂದು ಹಿಂದಿಗಿಂತ ಗಂಭೀರ. 2022 ರ ಜನವರಿ 1 ರಿಂದ ಮಾರಾಟಗಾರನ ವಿವರ ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬಾರದೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಇ-ಇನ್‌ವಾಯ್ಸನ್ನು 24 ಗಂಟೆಗಳ ನಂತರ ಅದೇ ತಾಣದಲ್ಲಿ ರದ್ದುಪಡಿಸಲಾಗದು. ಪ್ರಯೋಗದಲ್ಲಿ ತಪ್ಪನ್ನು ಅಳಿಸಬಹುದು. ಜಾರಿಯಾದ ಮೇಲೆ ತಪ್ಪಿಗೂ ದಾಖಲೆಯಿರುತ್ತದೆ.

ಪಾಲಿಸಬೇಕಾದ ಕ್ರಮಗಳು

1. ಮೂಲ ಪಟ್ಟಿಯ ಶುದ್ಧೀಕರಣ: ಸರಕು, ಗ್ರಾಹಕ ಮತ್ತು ಸರಬರಾಜುದಾರರ ಮಾಸ್ಟರ್ ಪಟ್ಟಿಗಳನ್ನು ವಿಸ್ತರಣೆಗೆ ಮುನ್ನವೇ ಒಂದುಗೂಡಿಸಬೇಕು. ಅಳತೆಯ ಮಾನ, ಎಚ್‌ಎಸ್‌ಎನ್ ಸಂಕೇತ, ಜಿಎಸ್‌ಟಿ ಸಂಖ್ಯೆ ಇವುಗಳನ್ನು ಪರಿಶೀಲಿಸಿ, ನಂತರ ಪಟ್ಟಿಗೆ ಹೊಸ ಹೆಸರು ಸೇರಿಸುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ನೀಡಬೇಕು.

2. ಪ್ರಯೋಗಕ್ಕೆ ಶಾಖೆಯ ಆಯ್ಕೆ: ಉತ್ತಮ ಶಾಖೆಯ ಜೊತೆಗೆ ಅತ್ಯಂತ ತೊಡಕಿನ ಶಾಖೆಯಲ್ಲಿಯೂ ಪ್ರಯೋಗ ನಡೆಯಲಿ. ಹಬ್ಬದ ಮುನ್ನಾ ವಾರದಂತಹ ಹೆಚ್ಚಿನ ವಹಿವಾಟಿನ ದಿನಗಳು ಆ ಅವಧಿಯಲ್ಲಿ ಸೇರಿರಲಿ.

3. ಜೋಡಿ ಲೆಕ್ಕ ಮತ್ತು ಅದರ ಕೊನೆಯ ದಿನ: ಹಳೆಯ ಮತ್ತು ಹೊಸ ಪದ್ಧತಿಗಳನ್ನು ಕನಿಷ್ಠ ಒಂದು ಪೂರ್ಣ ರಿಟರ್ನ್ ಅವಧಿಯವರೆಗೆ ಜೊತೆಯಾಗಿ ನಡೆಸಿ, ದಾಸ್ತಾನು, ಬರಬೇಕಾದ ಬಾಕಿ, ತೆರಿಗೆ ಈ ಮೂರನ್ನೂ ತಾಳೆ ನೋಡಬೇಕು. ತಾಳೆಯಾದ ಕೂಡಲೇ ಹಳೆಯದರಲ್ಲಿ ಹೊಸ ನಮೂದುಗಳನ್ನು ನಿಲ್ಲಿಸಬೇಕು. ಎರಡನ್ನೂ ಅನಿರ್ದಿಷ್ಟವಾಗಿ ಮುಂದುವರಿಸಿದರೆ ಸಿಬ್ಬಂದಿ ಹಳೆಯದನ್ನೇ ನಂಬುತ್ತಾರೆ.

4. ಬದಲಾವಣೆಯ ದಿನಾಂಕ: ಬೀಜಕದ ಕ್ರಮಸಂಖ್ಯೆ ಆ ಹಣಕಾಸು ವರ್ಷದಲ್ಲಿ ಪುನರಾವರ್ತನೆಯಾಗಬಾರದಾದ್ದರಿಂದ ಏಪ್ರಿಲ್ 1 ಅನುಕೂಲಕರ. ಮಾರ್ಚ್ 31 ರ ಭೌತಿಕ ದಾಸ್ತಾನು ಎಣಿಕೆಯೇ ಪ್ರಾರಂಭಿಕ ಶಿಲ್ಕಿಗೆ ಆಧಾರವಾಗಲಿ. ವರ್ಷದ ಮಧ್ಯದಲ್ಲಿ ಬದಲಿಸುವುದಾದರೆ ಪ್ರತ್ಯೇಕ ಸರಣಿ ಬಳಸಬೇಕು.

5. ಪ್ರಯೋಗದ ನಮೂದುಗಳನ್ನು ಬೇರೆಯಾಗಿಡುವುದು: 2023 ರ ಏಪ್ರಿಲ್ 1 ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಆಡಿಟ್ ಟ್ರೇಲ್ ಕಡ್ಡಾಯವಾಗಿದ್ದು, ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗುತ್ತದೆ. ಆದುದರಿಂದ ಪ್ರಯೋಗವನ್ನು ನೈಜ ಪುಸ್ತಕಗಳಲ್ಲಿ ಮಾಡತಕ್ಕದ್ದಲ್ಲ.

6. ಹಳೆಯ ದಾಖಲೆಗಳ ರಕ್ಷಣೆ: ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳವರೆಗೆ, ಜಿಎಸ್‌ಟಿ ನೋಂದಾಯಿತರು ವಾರ್ಷಿಕ ರಿಟರ್ನ್‌ನ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. ಹಳೆಯ ತಂತ್ರಾಂಶದ ಪರವಾನಗಿ ಕೈಬಿಡುವ ಮೊದಲು ಆ ದತ್ತಾಂಶವನ್ನು ಓದಲು ಬರುವ ರೂಪದಲ್ಲಿ ತೆಗೆದಿಡಬೇಕು.

ಹೊಣೆ ಯಾರದು?

ಪ್ರಯೋಗದ ಅವಧಿಯಲ್ಲಿ ತಂತ್ರಾಂಶ ಕಂಪನಿಯ ತಜ್ಞರು ಜೊತೆಗಿರುತ್ತಾರೆ. ಅವರು ಹೊರಟ ಮರುದಿನ ಪ್ರತಿ ಶಾಖೆಯಲ್ಲಿ ಉತ್ತರಿಸುವವರು ಯಾರೆಂಬುದು ಲಿಖಿತವಾಗಿ ನಿಗದಿಯಾಗಿರಬೇಕು. ಆ ವ್ಯಕ್ತಿ ಗಣಕಯಂತ್ರ ಬಲ್ಲವರಾಗಿದ್ದರೆ ಸಾಲದು. ಸರಕನ್ನೂ ಲೆಕ್ಕವನ್ನೂ ಬಲ್ಲವರಾಗಿರಬೇಕು. ತರಬೇತಿಗೆ ತಗಲುವ ವೆಚ್ಚವನ್ನು ಉಳಿಸಲು ಹೋಗಿ ವಸೂಲಿಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ದೇಶವ್ಯಾಪಿ ವ್ಯವಸ್ಥೆಯೇ ಒಂದು ದಿನದ ಕುಸಿತದ ಬಳಿಕ ಎರಡು ತಿಂಗಳು ಕಾದು, ಹಂತಹಂತವಾಗಿ ಮುನ್ನಡೆದು ನೆಲೆಗೊಂಡಿತು. ವಿಸ್ತರಣೆಯಲ್ಲಿ ನಾವು ಒಂದು ತ್ರೈಮಾಸಿಕ ತಡಮಾಡಿದರೆ ನಷ್ಟ ಅಲ್ಪ. ತಪ್ಪು ದತ್ತಾಂಶವನ್ನು ಎಲ್ಲ ಶಾಖೆಗಳಿಗೂ ಒಮ್ಮೆಲೇ ಹರಡಿದರೆ ಅದನ್ನು ಸರಿಪಡಿಸಲು ವರ್ಷವೂ ಸಾಲದಾಗಬಹುದು. ಸದಸ್ಯರು ತಮ್ಮ ಲೆಕ್ಕಪರಿಶೋಧಕರನ್ನು ಯೋಜನೆ ಮುಗಿದ ಮೇಲೆ ಕರೆಯುವ ಬದಲು, ಪ್ರಯೋಗದ ಫಲಿತಾಂಶ ಕೈಸೇರಿದ ದಿನವೇ ಸಮಾಲೋಚಿಸುವುದು ಹಿತಕರ.