ಹೀರೋ ತಲೆಗೆ ಶಾಂಪೂ… ನಮ್ಮ ತಲೆಗೆ ಬಾಡಿವಾಷಾ?

ಶುಕ್ರವಾರ. ಹೊಸ ಚಿತ್ರದ ಮೊದಲ ದಿನ, ಮೊದಲ ಆಟ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನೈಟ್ ಶಿಫ್ಟ್ ಮುಗಿಸಿ ರೂಮಿಗೆ ಬಂದ ಹುಡುಗರಿಗೆ ಸ್ನಾನಕ್ಕೆ ಸಿಗೋದು ಹತ್ತೇ ನಿಮಿಷ. ಬಚ್ಚಲು ಒಂದು, ತಲೆ ನಾಲ್ಕು! ಇದ್ದ ಒಂದೇ ಒಂದು ಶಾಂಪೂ ಸ್ಯಾಷೆಯನ್ನು ಯಾರೋ ಪುಣ್ಯಾತ್ಮ ನಿನ್ನೆಯೇ ಹಿಂಡಿ ಬಿಸಾಕಿರ್ತಾನೆ. ಗೂಡಿನಲ್ಲಿ ಉಳಿದಿರೋದು ಒಂದು ಬಾಟಲಿ ಬಾಡಿವಾಷ್. ನೊರೆ ಬಂದ್ರೆ ಸಾಕು ಬಿಡು ಅಂತ ಮೈಗೂ ಅದೇ, ತಲೆಗೂ ಅದೇ. ಟವೆಲ್ಲಿನಲ್ಲಿ ತಲೆ ಒರೆಸಿಕೊಂಡು ತುಮಕೂರಿನ ಬಸ್ಸಿಗೆ ಓಟ.

ಟಿಕೆಟ್ ಸಿಕ್ಕಿತು, ಹೀರೋ ಎಂಟ್ರಿಗೆ ಶಿಳ್ಳೆ ಹೊಡೆದದ್ದೂ ಆಯಿತು. ಆದರೆ ಇಂಟರ್‌ವಲ್‌ನಲ್ಲಿ ಕನ್ನಡಿ ನೋಡಿಕೊಂಡಾಗ ಎದೆಯಲ್ಲೊಂದು ಅಳುಕು. ಕೂದಲು ಸೆಣಬಿನ ಹಗ್ಗದ ಹಾಗೆ ನಿಂತಿದೆ. 'ಬಾಡಿವಾಷ್ ಹಾಕಿದ್ದಕ್ಕೆ ಕೂದಲು ಉದುರಿಬಿಡುತ್ತಾ? ಮದುವೆಗೆ ಮುಂಚೆಯೇ ನೆತ್ತಿ ಖಾಲಿಯಾಗಿಬಿಟ್ರೆ ಗತಿ ಏನು?'

ಸಿನಿಮಾ ಪತ್ರಿಕೆಯಲ್ಲಿ ಇದೆಂಥ ಬಚ್ಚಲುಮನೆ ಪುರಾಣ ಅಂತೀರಾ? ಸ್ವಲ್ಪ ತಾಳಿ ಸ್ವಾಮಿ! ನಮ್ಮ ಹುಡುಗರ ತಲೆಗೂ ಬೆಳ್ಳಿತೆರೆಗೂ ಇರೋ ನಂಟು ಇಂದು ನಿನ್ನೆಯದಲ್ಲ. 1972ರಲ್ಲಿ 'ನಾಗರಹಾವು' ಬಂದಾಗ ರಾಮಾಚಾರಿಯ ಕ್ರಾಪಿಗೆ ಮನಸೋತವರೆಷ್ಟು ಮಂದಿ! 1995ರ 'ಓಂ', 1998ರ 'ಎ', 2005ರ 'ಜೋಗಿ' ಚಿತ್ರಗಳಲ್ಲಿ ನಾಯಕರು ಉದ್ದ ಕೂದಲು ಬಿಟ್ಟರು. 2018ರಲ್ಲಿ 'ಕೆಜಿಎಫ್' ಬಂದ ಮೇಲಂತೂ ಕೂದಲ ಜತೆಗೆ ಗಡ್ಡವೂ ಸೇರಿಕೊಂಡಿತು. 2022ರಲ್ಲಿ 'ಕಾಂತಾರ'ದ ಶಿವ ಬಂದ. ಕಟಿಂಗ್ ಷಾಪಿನಲ್ಲಿ ಮೊಬೈಲ್ ತೋರಿಸಿ 'ಹಿಂಗೇ ಮಾಡಣ್ಣ' ಅನ್ನೋದು ಸುಲಭ. ಆಮೇಲೆ ಅದನ್ನು ತೊಳೆಯೋರು ಯಾರು, ಯಾವುದರಲ್ಲಿ, ಯಾವ ನೀರಿನಲ್ಲಿ? ಪ್ರಶ್ನೆ ಇರೋದೇ ಅಲ್ಲಿ.

ತಾರೆಯರು ತೊಳೆದ ತಲೆಗಳು

ಸೋಪಿಗೂ ಸಿನಿಮಾಕ್ಕೂ ಹಳೇ ಸಂಬಂಧ. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ನಮ್ಮ ದೇಶದ ಚಿತ್ರತಾರೆಯೊಬ್ಬರು ಮೊದಲ ಬಾರಿಗೆ ಮುಖ ಕೊಟ್ಟರು. ಯಾರು ಗೊತ್ತೇ? ಲೀಲಾ ಚಿಟ್ನಿಸ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ! ಅಲ್ಲಿಂದಾಚೆಗೆ ದೊಡ್ಡ ದೊಡ್ಡ ನಾಯಕಿಯರೆಲ್ಲ ಆ ಸೋಪಿನ ನೊರೆಯಲ್ಲಿ ಮಿಂದೆದ್ದರು. 2005ರಲ್ಲಿ ಶಾರುಖ್ ಖಾನ್ ಕೂಡ ಗುಲಾಬಿ ಪಕಳೆ ತುಂಬಿದ ತೊಟ್ಟಿಗಿಳಿದರು.

ನಮ್ಮದೇ ಮೈಸೂರ್ ಸ್ಯಾಂಡಲ್ ಸೋಪಿನ ಕಥೆ ಕೇಳಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಇವರ ಕಾಲದಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ ಅದು. 2025ರ ಮೇ ತಿಂಗಳಲ್ಲಿ ಆ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು 2 ವರ್ಷ 2 ದಿನಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ, ಕನ್ನಡದ ನಟಿಯರು ಯಾರೂ ಸಿಗಲಿಲ್ಲವೇ ಅಂತ ಊರೆಲ್ಲ ಗಲಾಟೆ. ಸೋಪು ಬರೀ ಕೊಳೆ ತೆಗೆಯೋ ಪದಾರ್ಥ ಆಗಿದ್ದರೆ ಇಷ್ಟೆಲ್ಲ ಆಗ್ತಿತ್ತೇ?

ಇನ್ನು ಶಾಂಪೂ. ಆ ಪದ ಇಂಗ್ಲಿಷರದ್ದು ಅಂದುಕೊಂಡಿದ್ದರೆ ಮರೆತುಬಿಡಿ. ಹಿಂದಿಯ 'ಚಂಪಿ'ಯೇ ಅದರ ತವರು. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ 200 ವರ್ಷದ ಹಿಂದೆ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಅಂಗಡಿಯಿಟ್ಟು ಬಿಳಿಯರ ಮೈಕೈ ತಿಕ್ಕಿದ; ಕೊನೆಗೆ ರಾಜರ ಮೈಯನ್ನೂ ತಿಕ್ಕಿದ! ಅವನ ಕಾಲಕ್ಕೆ ಶಾಂಪೂ ಅಂದರೆ ತಿಕ್ಕೋ ಕೆಲಸ. ಬಾಟಲಿಯೊಳಗಿನ ದ್ರವ ಅಲ್ಲ. 1957ರ 'ಪ್ಯಾಸಾ' ಚಿತ್ರದಲ್ಲಿ ಎಣ್ಣೆ ಬಾಟಲಿ ಹಿಡಿದು ಬೀದಿ ಸುತ್ತುವ ಜಾನಿ ವಾಕರ್ ಅವರನ್ನು ನೆನೆಸಿಕೊಳ್ಳಿ. ಅಸಲಿ ಶಾಂಪೂವಾಲಾ ಅಂದರೆ ಅವರೇ!

ನಮ್ಮ ಹಳ್ಳಿಗಳಿಗೆ ಬಾಟಲಿ ಬಂದಿದ್ದು ಕಡಿಮೆ, ಸ್ಯಾಷೆ ಬಂದಿದ್ದು ಜಾಸ್ತಿ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಶುರುವಾದ ಚಿಕ್ ಶಾಂಪೂವಿನಂಥವು ಚಿಲ್ಲರೆ ಕಾಸಿನ ಪ್ಯಾಕೆಟ್ಟಾಗಿ ಪೆಟ್ಟಿಗೆ ಅಂಗಡಿಗಳಲ್ಲಿ ತೋರಣದ ಹಾಗೆ ನೇತಾಡಿದವು. ಸೀಗೆಕಾಯಿ, ಚಿಗರೆ ಪುಡಿ, ಅಂಟುವಾಳ ಮೆಲ್ಲಗೆ ಅಟ್ಟ ಹತ್ತಿದವು. ಈಗ ಬಾಡಿವಾಷ್ ಸರದಿ.

ಬಾಟಲಿಯೊಳಗಿನ ಡಬಲ್ ಆ್ಯಕ್ಟಿಂಗ್

ಈಗ ಅಸಲು ವಿಷಯ. ಬಾಡಿವಾಷ್, ಶಾಂಪೂ ಎರಡನ್ನೂ ಪಕ್ಕಪಕ್ಕ ಇಟ್ಟು ಹಿಂಬದಿಯ ಸಣ್ಣಕ್ಷರ ಓದಿ ನೋಡಿ. ಬಹಳಷ್ಟು ಬಾಟಲಿಗಳಲ್ಲಿ ಮೊದಲ ಸಾಲು ಒಂದೇ: ನೀರು, ಸೋಡಿಯಂ ಲಾರೆತ್ ಸಲ್ಫೇಟ್, ಕೊಕಾಮಿಡೊಪ್ರೊಪೈಲ್ ಬೀಟೈನ್, ಉಪ್ಪು, ಪರಿಮಳ. ಜಿಡ್ಡನ್ನು ಹಿಡಿದೆಳೆದು ನೀರಿನ ಜತೆ ಕಳಿಸೋ ಕೆಲಸ ಇವುಗಳದ್ದು. ಅಂದರೆ ಇದು ಡಬಲ್ ಆ್ಯಕ್ಟಿಂಗ್ ಚಿತ್ರದ ಹಾಗೆ. ನಟ ಒಬ್ಬನೇ, ವೇಷ ಬೇರೆ, ಹೆಸರು ಬೇರೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ತೊಳೆದ ಮೇಲೆ ಏನನ್ನು ಬಿಟ್ಟು ಹೋಗುತ್ತೆ ಅನ್ನೋದರಲ್ಲಿದೆ. ಕೂದಲ ಒಂದು ಎಳೆಯನ್ನು ದೊಡ್ಡದು ಮಾಡಿ ನೋಡಿದರೆ ಹೆಂಚಿನ ಮನೆ ಕಂಡ ಹಾಗೆ ಇರುತ್ತೆ, ಒಂದರ ಮೇಲೊಂದು ಹೊರಗಿದ ಪದರ. ಹೆಂಚು ಮಲಗಿದ್ದರೆ ಹೊಳಪು, ಎದ್ದರೆ ಒರಟು, ಸಿಕ್ಕು. ಶಾಂಪೂವಿನಲ್ಲಿ ಈ ಹೆಂಚನ್ನು ಮಲಗಿಸೋಕೆ ಅಂತಲೇ ಸಿಲಿಕೋನ್, ಪಾಲಿಕ್ವಾಟರ್ನಿಯಂ ಥರದ ಪದಾರ್ಥ ಸೇರಿಸಿರ್ತಾರೆ. ಬಾಡಿವಾಷ್ ಮಾಡೋದು ಚರ್ಮಕ್ಕೆ. ಅದರಲ್ಲಿ ಕೂದಲ ಚಿಂತೆ ಇಲ್ಲ. ಕೆಲವು ಜಿಡ್ಡನ್ನು ಪೂರ್ತಿ ಎಳೆದುಬಿಟ್ಟು ಕೂದಲನ್ನು ಸೆಣಬು ಮಾಡುತ್ತವೆ. ಇನ್ನು ಕೆಲವು ಚರ್ಮ ಮೆದುವಾಗಲಿ ಅಂತ ಹಾಕಿದ ಎಣ್ಣೆಯನ್ನು ನೆತ್ತಿಗೆ ಮೆತ್ತಿ, ಸಂಜೆಯೊಳಗೆ ತಲೆ ಅಂಟಂಟು ಮಾಡುತ್ತವೆ.

ಅಷ್ಟೇ! ಒಂದು ದಿನ, ಎರಡು ದಿನ ಬಾಡಿವಾಷ್‌ನಲ್ಲಿ ತಲೆ ತೊಳೆದರೆ ಪ್ರಳಯ ಆಗೋದಿಲ್ಲ. ಬೋಳು ಆಗೋದಂತೂ ಇಲ್ಲವೇ ಇಲ್ಲ. ಕೂದಲು ಹುಟ್ಟೋದು ಚರ್ಮದ ಕೆಳಗಿನ ಬುಡದಲ್ಲಿ. ಹೊರಗೆ ಕಾಣೋ ಎಳೆ ಜೀವವಿಲ್ಲದ್ದು. ಮೇಲಿಂದ ಹಾಕಿ ತೊಳೆದ ನೊರೆ ಬುಡವನ್ನು ಕೀಳೋದಿಲ್ಲ.

ಹಾಗಾದರೆ ವಿಲನ್ ಯಾರು?

ಇಲ್ಲಿದೆ ಕ್ಲೈಮ್ಯಾಕ್ಸ್! ತಲೆಗೆ ಬಾಡಿವಾಷಿಗಿಂತ ಕಾಟ ಕೊಡೋರು ಇಬ್ಬರು: ಸೋಪಿನ ಬಿಲ್ಲೆ ಮತ್ತು ಬೋರ್‌ವೆಲ್ ನೀರು. ಇಬ್ಬರೂ ಸೇರಿದರಂತೂ ವಜ್ರಮುನಿಯವರ ಪಕ್ಕ ತೂಗುದೀಪ ಶ್ರೀನಿವಾಸ್ ನಿಂತ ಹಾಗೆ!

ಸೋಪಿನ ಬಿಲ್ಲೆ ಕ್ಷಾರದ್ದು. ಪಿಎಚ್ ಅಂತ ಒಂದು ಅಳತೆ ಇದೆ, ಶಾಲೆಯಲ್ಲಿ ಓದಿರ್ತೀರಿ. 7 ಅಂದರೆ ಸಮ, ಅದರ ಕೆಳಗೆ ಹುಳಿ, ಮೇಲೆ ಕ್ಷಾರ. ನೆತ್ತಿಯ ಚರ್ಮ ಸುಮಾರು 5.5. ಹೆಚ್ಚಿನ ಶಾಂಪೂಗಳು 5ರಿಂದ 7ರ ಆಸುಪಾಸು. ಸೋಪಿನ ಬಿಲ್ಲೆ 9ರಿಂದ 10! ಕ್ಷಾರ ಬಿದ್ದ ಕೂಡಲೇ ಆ ಹೆಂಚುಗಳು ಎದ್ದು ನಿಲ್ಲುತ್ತವೆ.

ಅದರ ಮೇಲೆ ನಮ್ಮ ಕಡೆಯ ನೀರು. ತುಮಕೂರು ಸೀಮೆಯ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಪರೀಕ್ಷೆ ಮಾಡೋಕೆ ಪ್ರಯೋಗಶಾಲೆ ಬೇಡ. ತೊಗರಿಬೇಳೆ ಬೇಗ ಬೇಯೋದಿಲ್ಲ, ಬಕೆಟ್ಟಿನ ಒಳಗೆ ಬಿಳಿ ಕಟ್ಟು ಕಟ್ಟುತ್ತೆ, ಸೋಪು ಎಷ್ಟು ತಿಕ್ಕಿದರೂ ನೊರೆ ಬರೋದಿಲ್ಲ. ಇಂಥ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಜತೆ ಸೋಪು ಸೇರಿದರೆ ನೀರಲ್ಲಿ ಕರಗದ ಒಂದು ಗಷ್ಟು ಆಗುತ್ತೆ. ಬಚ್ಚಲ ಕಲ್ಲಿಗೆ ಹತ್ತುವ ಬೂದುಬಣ್ಣದ ಪಾಚಿಯಂಥದ್ದು ಅದೇ. ಅದು ಕೂದಲಿಗೂ ಹತ್ತುತ್ತೆ. ಆಮೇಲೆ ಬಾಚಣಿಗೆ ಎಳೆದರೆ ಎಳೆ ತುಂಡಾಗುತ್ತೆ. ನಾವು 'ಕೂದಲು ಉದುರ್ತಿದೆ' ಅಂತ ಕೊರಗುವ ಎಷ್ಟೋ ಸಲ ಅದು ಬುಡದಿಂದ ಉದುರಿದ್ದಲ್ಲ, ನಡುವೆ ಮುರಿದದ್ದು.

ಆದ್ದರಿಂದ ಬಾಡಿವಾಷ್ ಕೊಳ್ಳುವಾಗಲೂ ಕಣ್ಣಿರಲಿ. ಪಟ್ಟಿಯ ಮೊದಲಲ್ಲೇ ಪೊಟ್ಯಾಷಿಯಂ ಹೈಡ್ರಾಕ್ಸೈಡ್, ಮಿರಿಸ್ಟಿಕ್ ಆಸಿಡ್, ಲಾರಿಕ್ ಆಸಿಡ್ ಒಟ್ಟಿಗೆ ಕಂಡರೆ, ಬಾಟಲಿ ಎಷ್ಟೇ ಚೆಂದ ಇರಲಿ, ಒಳಗಿರೋದು ನೀರಾದ ಸೋಪು. ಅದನ್ನು ತಲೆಗೆ ಹಾಕಬೇಡಿ. ಸಲ್ಫೇಟ್, ಬೀಟೈನ್ ಥರದ್ದಿದ್ದರೆ ಅವಸರಕ್ಕೆ ಅಡ್ಡಿಯಿಲ್ಲ.

ಜೇಬಿನ ಲೆಕ್ಕ

ತಮಾಷೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಸ್ನಾನದ ಸೋಪಿನ ಬಿಲ್ಲೆಗೂ ಇಳಿಯಿತು. ದ್ರವರೂಪದ ಸೋಪು, ಬಾಡಿವಾಷಿಗೆ ಆಗ ಇಳಿಯಲಿಲ್ಲ! ಹಾಗಿರುವಾಗ ಶಾಂಪೂ ಉಳಿಸೋಕೆ ಅಂತ ಬಾಡಿವಾಷ್ ಸುರಿಯೋದು, ಸೀಮೆಎಣ್ಣೆ ಉಳಿಸೋಕೆ ತುಪ್ಪದ ದೀಪ ಹಚ್ಚಿದ ಹಾಗೆ. ತಲೆ, ಮುಖ, ಮೈ ಎಲ್ಲಕ್ಕೂ ಒಂದೇ ಅಂತ ಗಂಡಸರಿಗಾಗಿ ಮಾರೋ 'ತ್ರೀ ಇನ್ ಒನ್' ಬಾಟಲಿ ಇದೆಯಲ್ಲ, ಅದು ಬಸ್ಸಿನಲ್ಲಿ ಪಯಣಿಸೋನಿಗೆ, ಹಾಸ್ಟೆಲ್ ಹುಡುಗನಿಗೆ ಅನುಕೂಲ. ಕೂದಲು ಗಿಡ್ಡ ಇದ್ದರೆ ಅದರಲ್ಲೇ ದಿನ ದೂಡಬಹುದು. ಹೀರೋ ಥರ ಭುಜದ ತನಕ ಬಿಟ್ಟವರಿಗೆ ಮಾತ್ರ ಅದು ಸಾಲದು.

ಉದ್ದ ಕೂದಲಿನವರು ವಾರಕ್ಕೆ ಎರಡು ಮೂರು ಸಲ ಶಾಂಪೂ ಹಾಕಿ. ಹೆಲ್ಮೆಟ್ಟು, ಬೆವರು, ಫ್ಯಾಕ್ಟರಿ ಧೂಳು ಅಂತ ದಿನಾ ತೊಳೆಯೋರು ಕಮ್ಮಿ ಹಾಕಿ. ನೊರೆ ನೆತ್ತಿಗೆ ಹಚ್ಚಿ, ತುದಿಗೆ ಬರೀ ಇಳಿದು ಬಂದಷ್ಟೇ ಸಾಕು. ಕೊನೆಯ ಒಂದು ಚೊಂಬು ಮಾತ್ರ ಸಿಹಿನೀರಿರಲಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನದ್ದಾದರೂ ಸರಿ, ಹಿಡಿದಿಟ್ಟ ಮಳೆನೀರಾದರೂ ಸರಿ. ಆ ಒಂದು ಚೊಂಬು ಮಾಡೋ ಕೆಲಸ ದುಬಾರಿ ಬಾಟಲಿಯೂ ಮಾಡೋದಿಲ್ಲ. ಅಜ್ಜಿಯ ಕೈಯ ಸೀಗೆಕಾಯಿ ಇದ್ದರಂತೂ ಕೇಳೋದೇ ಬೇಡ. ಅದು ಸೋಪಿನ ಹಾಗೆ ಕ್ಷಾರದ್ದಲ್ಲ. ಕಣ್ಣಿಗೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಇಡೀ ಸಿನಿಮಾ ಅಳುತ್ತಾ ನೋಡಬೇಕಾದೀತು!

ಬಾಟಲಿಗೆ ಮೀರಿದ ಮಾತು

ಇಲ್ಲಿ ತಮಾಷೆ ಬದಿಗಿರಲಿ. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಸಹಜ. ಹೊಟ್ಟು ಬಂದರೆ ಅದಕ್ಕೆ ಕಾರಣ ಕೊಳೆ ಅಲ್ಲ; ನೆತ್ತಿಯ ಜಿಡ್ಡು ತಿಂದು ಬದುಕೋ ಮಲಸೇಜಿಯಾ ಅನ್ನೋ ಬೂಷ್ಟಿನ ಕುಲದ ಸೂಕ್ಷ್ಮಜೀವಿ. ಅದಕ್ಕೆ ಕೀಟೊಕೊನಜೋಲ್ ಥರದ ಔಷಧಿ ಇರುವ ಶಾಂಪೂ ಬೇಕು. ಬಾಡಿವಾಷ್ ಎಷ್ಟು ಪರಿಮಳ ಬೀರಿದರೂ ಆ ಜೀವಿ ಜಗ್ಗೋದಿಲ್ಲ. ನಾಣ್ಯದಗಲ ಕೂದಲು ಹೋದರೆ 'ಹುಳ ತಿಂದಿದೆ' ಅಂತ ಸಿಕ್ಕಿದ್ದನ್ನೆಲ್ಲ ತಿಕ್ಕಬೇಡಿ, ಜಿಲ್ಲಾ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿ. ಹಣೆಯ ಎರಡು ಮೂಲೆಯಿಂದ, ನಡುನೆತ್ತಿಯಿಂದ ಮೆಲ್ಲಗೆ ಖಾಲಿಯಾಗೋದು ವಂಶದ್ದು, ಹಾರ್ಮೋನಿನದ್ದು. ಅದಕ್ಕೂ ಔಷಧಿ ಇದೆ, ಬೇಗ ಹೋದಷ್ಟೂ ಒಳ್ಳೇದು. ಸಂಬಳದ ಹಣವನ್ನೆಲ್ಲ ರಸ್ತೆಬದಿಯ ಮಾಯದೆಣ್ಣೆಗೆ ಸುರಿದು ವರ್ಷ ಕಳೆದರೆ ಹೋದ ಕಾಲ ಬರೋದಿಲ್ಲ.

ಇನ್ನೊಂದು ಗುಟ್ಟು. ತೆರೆ ಮೇಲಿನ ಕೂದಲು ಒಬ್ಬನ ಕೂದಲಲ್ಲ. ಅದರ ಹಿಂದೆ ಕೇಶವಿನ್ಯಾಸಕರಿದ್ದಾರೆ, ದೀಪ ಹಿಡಿಯೋರಿದ್ದಾರೆ, ಎಷ್ಟೋ ಸಲ ವಿಗ್ಗೇ ಇರುತ್ತೆ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನೇ ನೆನೆಯಿರಿ. ರಾಜಕುಮಾರ್, ನರಸಿಂಹರಾಜು ಅವರಂಥವರು ಪಳಗಿದ ಗರಡಿ ಅದು. ಅಲ್ಲಿ ರಾಜನ ಕೇಶರಾಶಿ ಆಟ ಮುಗಿದ ಮೇಲೆ ಪೆಟ್ಟಿಗೆ ಸೇರುತ್ತಿತ್ತು. ಅಣ್ಣಾವ್ರು ಮುಂದೆ ತೆರೆಯ ಮೇಲೆ ವಿಗ್ ತೊಟ್ಟು ಮೆರೆದರು. ಸಭೆ ಸಮಾರಂಭಕ್ಕೆ ಬಂದಾಗ? ಬಿಳಿ ಪಂಚೆ, ಬಿಳಿ ಷರ್ಟು, ಬರಿದಾದ ನೆತ್ತಿ. ಮರೆಮಾಚಲಿಲ್ಲ. ಅಭಿಮಾನಿಗಳ ಪ್ರೀತಿ ಒಂದು ಎಳೆಯಷ್ಟೂ ಉದುರಲಿಲ್ಲ.

2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿದಾಗ ಕಥಾನಾಯಕ ಯಾರು? ಹೆಣ್ಣು ಸಿಗದೆ ಒದ್ದಾಡುವ ಬೋಳುತಲೆಯ ಕನ್ನಡ ಮೇಷ್ಟ್ರು, ಅಣ್ಣಾವ್ರ ಪರಮಭಕ್ತ. ಜನ ನಕ್ಕರು, ಕೊನೆಗೆ ಕಣ್ಣೊರೆಸಿಕೊಂಡರು. ಅದೇ ಶೆಟ್ಟರು 2021ರಲ್ಲಿ 'ಗರುಡ ಗಮನ ವೃಷಭ ವಾಹನ'ದಲ್ಲಿ ಕುಣಿದಾಗ ಥಿಯೇಟರು ಗುಡುಗಿತು. ಆ ತಲೆಗೆ ಯಾವ ಶಾಂಪೂ ಅಂತ ಯಾರಾದರೂ ಕೇಳಿದರೇ?

ಇದ್ದಷ್ಟು ದಿನ ಕೂದಲನ್ನು ಚೆನ್ನಾಗಿ ನೋಡಿಕೊಳ್ಳಿ ಗೆಳೆಯರೇ. ಅವಸರಕ್ಕೆ ಬಾಡಿವಾಷ್, ವಾರಕ್ಕೆ ಶಾಂಪೂ, ಕೊನೆಗೊಂದು ಚೊಂಬು ಸಿಹಿನೀರು. ಉದ್ದ ಕೂದಲು ಬಿಟ್ಟು ಬೀಗೋಕೂ ಅಡ್ಡಿಯಿಲ್ಲ, ಉದುರಿದರೆ ತಲೆ ತಗ್ಗಿಸೋ ಕಾರಣವೂ ಇಲ್ಲ. ಹೀರೋನ ಕ್ರಾಪು ಮುಂದಿನ ಚಿತ್ರಕ್ಕೆ ಬದಲಾಗುತ್ತೆ. ನಿಮ್ಮ ತಲೆ ಮಾತ್ರ ಒಂದೇ!