ಹಾಡುವವಳು ಹೆಣ್ಣು ಎಂಬುದು ಹಾಡಿನ ಬಗೆಯಲ್ಲ

ವಾಡಿ, ಶಹಾಬಾದ, ಸೇಡಂ, ಚಿತ್ತಾಪುರ ಕಡೆಯ ಹುಡುಗ ಹುಡುಗಿಯರ ಮೊಬೈಲಿನಲ್ಲಿ ಈಗ ಎರಡು ಥರದ ಹೊಸ ಹಾಡು ಅಕ್ಕಪಕ್ಕ ಬಂದು ಕೂರುತ್ತವೆ. ಬೆಂಗಳೂರು, ಮುಂಬೈ ಬ್ಯಾಂಡುಗಳ ಹಾಡಿಗೆ 'ಇಂಡಿ', 'ಫೀಮೇಲ್ ಫ್ರಂಟೆಡ್' ಎಂಬ ಹಣೆಪಟ್ಟಿ. ನಮ್ಮ ಸೀಮೆಯ ಹಾಡಿಗೆ 'ಉತ್ತರ ಕರ್ನಾಟಕ ಜಾನಪದ' ಎಂಬುದು. ಎರಡೂ ಕಡೆ ಹಣೆಪಟ್ಟಿ ಹೇಳುವುದು ಕಡಿಮೆ, ಮುಚ್ಚಿಡುವುದು ಹೆಚ್ಚು.

ಇಂಡಿ ಎಂದರೆ ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡುವ ಶೈಲಿ ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ಶುರುವಿನಲ್ಲಿ ದುಡ್ಡು ಹಾಕುವವರು ಯಾರು ಎಂಬ ವಿಚಾರವಾಗಿತ್ತು. ದೊಡ್ಡ ಕಂಪನಿಗಳ ಹೊರಗೆ ಬಂದ ರೆಕಾರ್ಡುಗಳಿಗೆಂದೇ ಬ್ರಿಟನ್ನಿನಲ್ಲಿ 1980ರಲ್ಲಿ ಬೇರೆ ಮಾರಾಟ ಪಟ್ಟಿ ಆರಂಭವಾಯಿತು. 1986ರಲ್ಲಿ ಎನ್‌ಎಂಇ ಪತ್ರಿಕೆ 'ಸಿ86' ಎಂಬ ಕ್ಯಾಸೆಟ್ ತಂದ ಮೇಲೆ ಗಿಟಾರಿನ ಒಂದು ಧಾಟಿಗೆ ಆ ಹೆಸರು ಅಂಟಿತು. ಮೊದಲಿನ ಲೆಕ್ಕ ಹಿಡಿದರೆ, ಕೈಯಿಂದ ದುಡ್ಡು ಹಾಕಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಡು ಬಿಡುವ ಗೀಗೀ ಮೇಳವೂ ಇಂಡಿಯೇ.

'ಫೀಮೇಲ್ ಫ್ರಂಟೆಡ್', ಅಂದರೆ ಹೆಣ್ಣು ಮುಂದೆ ನಿಂತು ಹಾಡುವ ಬ್ಯಾಂಡು, ಎಂಬುದನ್ನೂ ಸಂಗೀತದ ಒಂದು ಬಗೆ ಎಂದುಕೊಂಡವರಿದ್ದಾರೆ. ಫಿನ್ಲೆಂಡಿನ ನೈಟ್‌ವಿಶ್ ಬ್ಯಾಂಡಿಗೆ ಮೊದಲು ಹಾಡಿದ ತಾರ್ಯಾ ತುರುನೆನ್ ಅವರದು ಒಪೆರಾ ಕಂಠ. ಸ್ವೀಡನ್ನಿನ ಆರ್ಚ್ ಎನಿಮಿಗೆ 2000ದಲ್ಲಿ ಸೇರಿದ ಆಂಜೆಲಾ ಗೊಸ್ಸೊ ಅವರದು ಗಂಟಲಾಳದ ಗರ್ಜನೆ. ಇಬ್ಬರೂ ಹೆಂಗಸರು ಎಂಬ ಒಂದೇ ಕಾರಣಕ್ಕೆ ಒಂದೇ ಖಾನೆಗೆ ಹಾಕುವುದು ಕಿವಿಗೆ ಮಾಡುವ ಅನ್ಯಾಯ. ಗಂಡಸರು ಹಾಡುವ ಬ್ಯಾಂಡಿಗೆ ಯಾರೂ ಹೀಗೆ ಹೆಸರಿಡುವುದಿಲ್ಲ.

ಹೆಣ್ಣು ಮುಂದೆ ನಿಂತು ಮೇಳ ನಡೆಸುವುದು ನಗರದಿಂದ ಬಂದ ಹೊಸ ರೂಢಿ ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಗೀಗೀ ಮೇಳಗಳ ಹರದೇಶಿ-ನಾಗೇಶಿ ವಾದ ಬೆಳತನಕ ನಡೆಯುತ್ತದೆ. ಗಂಡು ಹೆಚ್ಚೆನ್ನುವುದು ಹರದೇಶಿ, ಹೆಣ್ಣು ಹೆಚ್ಚೆನ್ನುವುದು ನಾಗೇಶಿ. ಹೆಣ್ಣಿನ ಪಕ್ಷ ಹಿಡಿದು ಹಾಡುವ ಮೇಳಗಳಲ್ಲಿ ಡಪ್ಪು ಬಡಿಯುತ್ತ ಮುಂದೆ ನಿಲ್ಲುವವಳು ಎಷ್ಟೋ ಕಡೆ ಹೆಣ್ಣೇ. ಹಿಂದೆ ತುಂತುಣಿ, ತಾಳ ಹಿಡಿದವರು 'ಗೀಯ ಗಾ' ಎಂದು ಸೊಲ್ಲು ಎತ್ತಿಕೊಳ್ಳುತ್ತಾರೆ. ಎದುರಾಳಿ ಪುರಾಣದಿಂದ ಸವಾಲು ಹಾಕಿದರೆ ನಿಂತ ನಿಲುವಿನಲ್ಲೇ ಅವಳು ಪದ ಕಟ್ಟಿ ಉತ್ತರಿಸಬೇಕು. ಕಂಠದ ಜೊತೆ ಓದು, ನೆನಪು, ಜಗಳದ ಜಾಣ್ಮೆ ಎಲ್ಲವೂ ಬೇಕಾದ ಕೆಲಸವದು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ 2014ರಲ್ಲಿ ತೀರಿಕೊಳ್ಳುವವರೆಗೂ ಬುರ್ರಕಥೆಯ ಮಹಾಕಾವ್ಯಗಳಿಗೆ ದೊಡ್ಡ ಹೆಸರಾಗಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶವೆಲ್ಲ ಹೆಸರಾದವರು ಗೌಹರ್ ಜಾನ್. ಕೊನೆಯ ದಿನಗಳನ್ನು ಅವರು ಕಳೆದದ್ದು ಮೈಸೂರಿನಲ್ಲಿ.

ಇನ್ನು 'ಜಾನಪದ'. ಹಾಗೆಂದರೆ ಬಹಳ ಹಳೆಯದು, ಕಟ್ಟಿದವರು ಯಾರೋ ಗೊತ್ತಿಲ್ಲ ಎಂಬ ನಂಬಿಕೆ. ಆದರೆ ಆ ಹೆಸರಲ್ಲಿ ಬರುವ ಎಷ್ಟೋ ಹಾಡು ಈಚೆಗೆ ಕೀಬೋರ್ಡ್, ರಿದಮ್ ಪ್ಯಾಡ್ ಇಟ್ಟು ಕಟ್ಟಿದವು, ಬರೆದವರ ಹೆಸರೂ ಇರುತ್ತದೆ. ಹಳೆಯ ಲಾವಣಿಕಾರರೂ ಕೊನೆಯ ನುಡಿಯಲ್ಲಿ ತಮ್ಮ ಹೆಸರು, ಊರು, ಗುರುವನ್ನು ಸೇರಿಸುತ್ತಿದ್ದರು. ಲಾವಣಿ, ಗೀಗೀ, ತತ್ವಪದ, ಚೌಡಿಕೆ ಪದ ಒಂದೊಂದಕ್ಕೂ ಅದರದೇ ವಾದ್ಯ, ಅದರದೇ ನಡೆ.

ಚಿಂಚೋಳಿಯ ಬಂಜಾರ ತಾಂಡಾಗಳ ಹೆಣ್ಣುಮಕ್ಕಳ ಹಾಡಿಗಂತೂ ಹಣೆಪಟ್ಟಿ ಇನ್ನೂ ಅಡ್ಡಾದಿಡ್ಡಿ. ತೆಲಂಗಾಣದ ಕಡೆಯಿಂದ ಬಂದ 'ಬಂಜಾರ ಡಿಜೆ' ಎಂಬ ಹೆಸರೇ ಎಲ್ಲದಕ್ಕೂ ಸಾಕೆನ್ನುವಂತಾಗಿದೆ. ತವರು ಬಿಡುವಾಗ ಮದುಮಗಳು ಅಳುತ್ತ ಹಾಡುವ ಢಾವಲೋ ಒಂದು ಬಗೆ, ತೀಜ್ ಹಬ್ಬಕ್ಕೆ ಹುಡುಗಿಯರು ಸುತ್ತುಗಟ್ಟಿ ಕುಣಿಯುತ್ತ ಹಾಡುವುದು ಇನ್ನೊಂದು. ಬಂಜಾರರ ಗೋರ್‌ಬೋಲಿ ನುಡಿ ಬಲ್ಲ ತಾಂಡಾದ ಯಾವ ಅಜ್ಜಿಯೂ ಇವೆರಡನ್ನು ಒಂದೇ ಎನ್ನಲಾರಳು.